ಟರ್ಬೊ ಉಳಿಸಿದ ಒಬಿಡಿ ಸ್ಕ್ಯಾನರ್

ಕಾರಿನ ಕಂಪ್ಯೂಟರಿನಲ್ಲಿರುವ ಅಂಕಿಗಳನ್ನೂ ದೋಷದ ಕೋಡುಗಳನ್ನೂ ಓದುವ, ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಸ್ಕ್ಯಾನರ್ ಇದು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಆ್ಯಪ್ ತೆರೆದರೆ ಆಯಿತು. ಬೆಲೆ ಸಾವಿರ ರೂಪಾಯಿಯ ಆಸುಪಾಸು. ಉಳಿದ ವಿವರವೆಲ್ಲ ಡಬ್ಬಿಯ ಮೇಲೆಯೇ ಇದೆ. ನಾನು ಬರೆಯಲು ಕೂತಿರುವುದು ಅದು ತೋರಿಸುವ ಒಂದೇ ಅಂಕಿಯ ಸಲುವಾಗಿ: ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ.

ನನ್ನದು ವಾರಂಟಿ ಮುಗಿದ ಬಿಎಸ್6 ಡೀಸೆಲ್ ಕಾರು. ತುಮಕೂರು ರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟಾಗ ಇಂಜಿನ್ ಲೈಟ್ ಹೊತ್ತಿತು, ಪಿಕಪ್ ಸತ್ತೇ ಹೋಯಿತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತಿತ್ತು. ಏರು ಸಿಕ್ಕ ಕೂಡಲೇ ಮತ್ತದೇ ಕಥೆ. ಸರ್ವಿಸ್ ಸೆಂಟರಿನಲ್ಲಿ ಪಿ0299 ಎಂಬ ಕೋಡ್ ಓದಿ, ಬಾನೆಟ್ಟನ್ನೂ ತೆರೆಯದೆ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನೇ ಬದಲಿಸಬೇಕೆಂದು ಅರವತ್ತು ಸಾವಿರದ ಅಂದಾಜುಪಟ್ಟಿ ಕೈಗಿಟ್ಟರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಟರ್ಬೊದಿಂದ ಬರಬೇಕಾದಷ್ಟು ಒತ್ತಡ ಬರುತ್ತಿಲ್ಲ ಎಂದಷ್ಟೇ ಆ ಕೋಡ್ ಹೇಳುವುದು. ಹೋಸ್ ಸೀಳಿರಬಹುದು, ವ್ಯಾಕ್ಯೂಮ್ ಪೈಪ್ ಕಳಚಿರಬಹುದು, ಟರ್ಬೊ ಒಳಗಿನ ರೆಕ್ಕೆಗಳು ಮಸಿ ಹಿಡಿದು ಸಿಕ್ಕಿಕೊಂಡಿರಬಹುದು, ಒತ್ತಡ ಅಳೆಯುವ ಸೆನ್ಸರೇ ಕೆಟ್ಟಿರಬಹುದು.

ಆ ವಾರವೇ ಸ್ಕ್ಯಾನರ್ ಕೊಂಡೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ವಾತಾವರಣದ ಒತ್ತಡವೇ ಹೆಚ್ಚುಕಡಿಮೆ 91 ಕಿಲೋಪ್ಯಾಸ್ಕಲ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಪರದೆಯ ಮೇಲೆ ಅಷ್ಟೇ ಬಂತು. ಸೆನ್ಸರಿನ ಮೇಲಿದ್ದ ಅನುಮಾನ ಅಲ್ಲಿಗೆ ಕಡಿಮೆಯಾಯಿತು. ಆಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವಳು ಅಂಕಿ ಓದಿ ಹೇಳುತ್ತಿದ್ದಳು. ಏರಿನಲ್ಲಿ ಮೂರನೇ ಗೇರ್ ಹಾಕಿ ಎಕ್ಸಲರೇಟರ್ ಪೂರ್ತಿ ಒತ್ತಿದರೂ, 200 ದಾಟಬೇಕಾದ ಒತ್ತಡ 130ರಲ್ಲೇ ನಿಂತಿತು. ಜೊತೆಗೆ ಮುಂದಿನಿಂದ ಸುಯ್ಯೆನ್ನುವ ಸದ್ದು.

ನಮ್ಮ ಬಡಾವಣೆಯ ಮೆಕ್ಯಾನಿಕ್ ಟರ್ಬೊ ಕಳಿಸುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸಿನ ಅಡಿಗೆ ಕೈ ಹಾಕಿ ಬೆರಳು ತೋರಿಸಿದರು, ಕಪ್ಪು ಜಿಡ್ಡು. ಕ್ಲಿಪ್ಪಿನ ಪಕ್ಕದಲ್ಲೇ ಸೀಳು ಬಿಟ್ಟಿತ್ತು. ಹೋಸನ್ನು ಬಗ್ಗಿಸಿದಾಗ ಮಾತ್ರ ಬಾಯಿ ತೆರೆಯುತ್ತಿತ್ತು. ‘ಸಾರ್, ಟರ್ಬೊಗೆ ಏನೂ ಆಗಿಲ್ಲ, ಅದು ಕಳಿಸಿದ ಗಾಳಿಯೆಲ್ಲ ಇಲ್ಲೇ ಸೋರುತ್ತಿದೆ’ ಎಂದರು. ಜೆ.ಸಿ. ರಸ್ತೆಯಿಂದ ಹೊಸ ಹೋಸ್ ತಂದೆ. ಕೂಲಿಯೂ ಸೇರಿ ನಾಲ್ಕು ಸಾವಿರದೊಳಗೆ ಕೆಲಸ ಮುಗಿಯಿತು.

ಈಗ ದಿನಾ ಬೆಳಿಗ್ಗೆ ಕೀ ತಿರುಗಿಸಿ, ಸ್ಟಾರ್ಟಿಗೆ ಮೊದಲು ಡೀಸೆಲ್ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ಗಿನ ಸುರುಳಿ ದೀಪ ಆರುವಷ್ಟರಲ್ಲಿ ಆ 91ನ್ನು ಒಮ್ಮೆ ಕಣ್ತುಂಬ ನೋಡಿಕೊಳ್ಳುತ್ತೇನೆ. ಸ್ಟಾರ್ಟ್ ಮಾಡಿ ಕೂಲಂಟಿನ ಬಿಸಿ ಒಂದೊಂದೇ ಡಿಗ್ರಿ ಏರುವುದನ್ನು ಸ್ವಲ್ಪ ಹೊತ್ತು ಗಮನಿಸಿಯೇ ಗೇಟು ದಾಟುವುದು. ಇದರಲ್ಲಿ ಸಿಗುವ ಸಮಾಧಾನ ದೊಡ್ಡದು.

ಆದರೆ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿದಿಡುವ ಫಿಲ್ಟರಿನ ವಿಷಯದಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟುಹೋಗಲು ಹೊಗೆಯ ಬಿಸಿ 600 ಡಿಗ್ರಿಯ ಹತ್ತಿರ ಬರಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಆ ಅವಕಾಶ ಎಲ್ಲಿ ಸಿಗಬೇಕು? ಬೆಂಗಳೂರಿನ ಡೀಸೆಲ್ ಮಾಲೀಕರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಮಾಹಿತಿಯೇ ಮಸಿ ಎಷ್ಟು ತುಂಬಿದೆ ಎಂಬುದು. ನನ್ನ ಕಾರಿನಲ್ಲಿ ಅದನ್ನು ಈ ಆ್ಯಪ್ ಓದುವುದೇ ಇಲ್ಲ. ಹಣ ಕಟ್ಟಿ ಪೂರ್ಣ ಆವೃತ್ತಿ ತೆಗೆದುಕೊಂಡರೂ ಓದಲಿಲ್ಲ. ಭಾನುವಾರ ನೈಸ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಬರುತ್ತೇನೆ, ಬರೀ ಅಂದಾಜಿನ ಮೇಲೆ.

ಕೋಡ್ ಅಳಿಸುವ ಗುಂಡಿಯನ್ನು ಮೊದಲ ಪುಟದಲ್ಲೇ ಇಟ್ಟಿರುವುದೂ ನನಗೆ ಸರಿಕಾಣುವುದಿಲ್ಲ. ಅಳಿಸಿದರೆ ಲೈಟ್ ಆರುತ್ತದೆ, ದೋಷ ಹೋಗುವುದಿಲ್ಲ. ಲೈಟ್ ಹೊತ್ತಿದ ಕ್ಷಣದ ವೇಗ, ಆರ್‌ಪಿಎಂ, ಲೋಡ್ ಎಲ್ಲವನ್ನೂ ಇಂಜಿನ್ನಿನ ಕಂಪ್ಯೂಟರ್ ಉಳಿಸಿಟ್ಟಿರುತ್ತದೆ. ಕೋಡಿನೊಂದಿಗೆ ಅದೂ ಅಳಿಸಿಹೋಗುತ್ತದೆ. ಮೆಕ್ಯಾನಿಕ್ ನೋಡುವವರೆಗೆ ದಯವಿಟ್ಟು ಆ ಗುಂಡಿ ಮುಟ್ಟಬೇಡಿ.

ವಾರಂಟಿ ಇನ್ನೂ ಇರುವವರಿಗೆ ಇದರ ಅಗತ್ಯವಿಲ್ಲ. ವಾರಂಟಿ ಮುಗಿದಿದ್ದು, ಹತ್ತಿರದಲ್ಲೇ ನಂಬುಗೆಯ ಮೆಕ್ಯಾನಿಕ್ ಇದ್ದರೆ ಖಂಡಿತ ಕೊಳ್ಳಿ. ಊರಿಗೆ ಹೋಗಿ ಕಾರನ್ನು ನಾಲ್ಕಾರು ದಿನ ನಿಲ್ಲಿಸುವುದಾದರೆ ಸಾಕೆಟ್ಟಿನಿಂದ ಕಿತ್ತಿಡಿ. ಕೀ ತೆಗೆದ ಮೇಲೂ ಅಲ್ಲಿ ಕರೆಂಟ್ ಇರುತ್ತದೆ, ಬ್ಯಾಟರಿ ಇಳಿಯುತ್ತದೆ.