ಕೆಟ್ಟ ಮಿಕ್ಸಿ ವಾಪಸ್: ಚಾಟ್, ಮೇಲ್, 1915 ಸಹಾಯವಾಣಿ — ಯಾವುದು ಕೆಲಸಕ್ಕೆ ಬಂತು?

ಹಾಸನಾಂಬೆ ದರ್ಶನಕ್ಕೆ ನೆಂಟರು ಬರುತ್ತಾರೆಂದು ತರಿಸಿದ ಮಿಕ್ಸಿ, 3,299 ರೂಪಾಯಿ. ಮೂರನೇ ದಿನ ಅಕ್ಕಿರೊಟ್ಟಿಗೆ ಕಾಯಿ ಚಟ್ನಿ ರುಬ್ಬುತ್ತಿದ್ದಾಗ ಜಾರಿನ ತಳದಿಂದ ನೀರು ಜಿನುಗಿ ಮೋಟಾರಿಗೆ ಇಳಿಯಿತು. ರಬ್ಬರ್ ಸುಟ್ಟ ವಾಸನೆ ಹಾಲ್‌ವರೆಗೂ ಬಂತು. ಅದೇ ವಾರ, ಬೇರೆ ಆ್ಯಪಿನಲ್ಲಿ ಅಮ್ಮನಿಗೆ ತರಿಸಿದ್ದ ಇಂಡಕ್ಷನ್ ಒಲೆಯೂ ಕೈಕೊಟ್ಟಿತು. ಸರಿ, ಎರಡಕ್ಕೂ ಬೇರೆ ಬೇರೆ ದಾರಿ ಹಿಡಿದು ನೋಡೋಣ ಅಂದುಕೊಂಡೆ.

ಮಿಕ್ಸಿಗೆ ಮೊದಲು ಚಾಟ್. ರಿಟರ್ನ್ ಒತ್ತಿದ ಮರುದಿನವೇ ಹುಡುಗ ಬಂದ, ಡಬ್ಬ ಹರಿದಿದೆ ಅಂತ ಬಾಗಿಲಲ್ಲೇ ನಿಂತು ಪಿಕಪ್ ಕ್ಯಾನ್ಸಲ್ ಮಾಡಿ ಹೋದ. (ಅವನನ್ನು ಬೈದು ಫಲವಿಲ್ಲ, ಮೇಲಿನವರು ಹೇಳಿದ್ದನ್ನು ಮಾಡುತ್ತಾನೆ.) ಚಾಟಿನಲ್ಲಿ ದಿನಕ್ಕೊಬ್ಬರು ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಹೀಗೇ ಏಳು ದಿನ ತಳ್ಳಿ, ಎಂಟನೇ ದಿನ "ರಿಟರ್ನ್ ಅವಧಿ ಮುಗಿದಿದೆ" ಅಂದರು.

ಬಹಳ ಜನ ಸೋತು ಸುಮ್ಮನಾಗುವುದು ಇಲ್ಲೇ. ಆದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಆ್ಯಪಿನವರು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಹಾಕಿರಲೇಬೇಕು. ಅದು ಆ್ಯಪಿನ ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ದೂರು ಬಂತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆರ್ಡರ್ ನಂಬರ್, ನೀರು ಸೋರುವ ವಿಡಿಯೋ, ಚಾಟಿನ ಸ್ಕ್ರೀನ್‌ಶಾಟ್, ಪಿಕಪ್ ರದ್ದಾದ ಎಸ್‌ಎಂಎಸ್ ಎಲ್ಲ ಸೇರಿಸಿ, ಈ ನಿಯಮವನ್ನೂ ಎರಡು ಸಾಲು ಬರೆದು ಮೇಲ್ ಹಾಕಿದೆ. 11ನೇ ದಿನ ಬಂದು ಮಿಕ್ಸಿ ಎತ್ತಿಕೊಂಡು ಹೋದರು, ಅದೇ ಹರಿದ ಡಬ್ಬದಲ್ಲಿ! ಇನ್ನೈದು ದಿನಕ್ಕೆ ದುಡ್ಡೂ ಬಂತು.

ಅಮ್ಮನ ಒಲೆಗೆ 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಲೀಸು ಅನ್ನುವುದಾದರೆ ಇದೇ. ಕನ್ನಡದಲ್ಲೇ ಮಾತು, ಅಮ್ಮನೇ ಎಲ್ಲ ಹೇಳಿದಳು, ದೂರಿನ ನಂಬರೂ ಸಿಕ್ಕಿತು. ಕೊರತೆ ಏನೆಂದರೆ, ಇವರು ದೂರನ್ನು ಕಂಪನಿಗೆ ದಾಟಿಸುತ್ತಾರೆ ಅಷ್ಟೇ, ಆದೇಶ ಕೊಡುವ ಅಧಿಕಾರ ಇಲ್ಲ. "ಗ್ರಾಹಕರೇ ಬೀಳಿಸಿದ್ದಾರೆ" ಅಂತ ಕಂಪನಿ ಉತ್ತರ ಕೊಟ್ಟು ಕೈತೊಳೆದುಕೊಂಡಿತು. ಫೋಟೋ, ಬಿಲ್ ಇಟ್ಟು ಮತ್ತೆ ದೂರಿದ ಮೇಲೆ, 26ನೇ ದಿನಕ್ಕೆ ಬದಲಿ ಒಲೆ ಬಂತು.

ನನ್ನ ಮಟ್ಟಿಗೆ ಮೇಲೇ ಮೇಲು. ಮೇಲ್ ಬರೆಯಲು ಬಾರದವರಿಗೆ 1915. ಚಾಟನ್ನು ಸಾಕ್ಷಿಗೆ ಇಟ್ಟುಕೊಳ್ಳಿ, ಸಾಕು.

ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ಬರೆದಿಟ್ಟಿದ್ದೆ, ಹಾಕುವ ಪ್ರಮೇಯ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದಾಗಿ ಮಾರಿದವನು ಸೂರತ್‌ನಲ್ಲಿದ್ದರೂ ನಾವು ಹಾಸನದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ, ಎರಡು ವರ್ಷದೊಳಗೆ ಹಾಕಿದರಾಯಿತು.

ಮೊನ್ನೆ ಹೊಸ ಮಿಕ್ಸಿ ಬಂತು. ಮಗ ಮೊಬೈಲ್ ಹಿಡಿದ, ನಾನು ವಿಳಾಸದ ಚೀಟಿ ತೋರಿಸಿ, ಟೇಪ್ ಕತ್ತರಿಸಿ, ಜಾರುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ಅಮ್ಮ ಒಲೆ ಹತ್ತಿರದಿಂದಲೇ ಕೂಗಿದಳು: "ಏನೋ, ಅದಕ್ಕೂ ನಾಮಕರಣನಾ?"