ಥಿನ್ ಕ್ಲೈಂಟ್ ಹಾಕಿಸುವ ಮುಂಚೆ ಕೊಟೇಶನ್‌ನಲ್ಲಿ ಈ ಸಾಲು ಇದೆಯಾ ನೋಡಿಕೊಳ್ಳಿ

ಪಿಸಿ ತೆಗೆದು ಥಿನ್ ಕ್ಲೈಂಟ್ (ಕೆಲಸವೆಲ್ಲ ಸರ್ವರ್ ಮೇಲೆ ನಡೆಸುವ ಸಣ್ಣ ಮೆಷಿನ್) ಹಾಕಿಸಿ ಆಫೀಸಿನ ಖರ್ಚು ಇಳಿಸೋಣ ಅಂತ ಹೊರಟಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಮಗೆ ಟೋಪಿ ಹಾಕಿದ್ದಾರೆ.

ಕೊಟೇಶನ್‌ನಲ್ಲಿ ಇದ್ದದ್ದು ಇಷ್ಟು: 20 ಥಿನ್ ಕ್ಲೈಂಟ್, 32 ಜಿಬಿ ರ‍್ಯಾಮ್‌ನ ಒಂದು ಸರ್ವರ್, ವಿಂಡೋಸ್ ಸರ್ವರ್ 2022 ಸ್ಟ್ಯಾಂಡರ್ಡ್, 20 ಸರ್ವರ್ ಕ್ಯಾಲ್ (ಸಿಎಎಲ್, ಸರ್ವರ್ ಬಳಸಲು ಬೇಕಾದ ಲೈಸೆನ್ಸ್). ಕೊನೆಗೆ "ಎಲ್ಲಾ ಲೈಸೆನ್ಸ್ ಸೇರಿ". ಆರ್‌ಡಿಎಸ್ ಕ್ಯಾಲ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಅಂದರೆ ಸರ್ವರ್‌ನ ಡೆಸ್ಕ್‌ಟಾಪ್ ಅನ್ನು ಬೇರೆ ಮೆಷಿನ್‌ನಿಂದ ಬಳಸುವ ಸೌಲಭ್ಯದ ಲೈಸೆನ್ಸ್) ಅನ್ನುವ ಮಾತೇ ಇಲ್ಲ! ಸರ್ವರ್ ಕ್ಯಾಲ್ ಬೇರೆ, ಆರ್‌ಡಿಎಸ್ ಕ್ಯಾಲ್ ಬೇರೆ. ಥಿನ್ ಕ್ಲೈಂಟ್‌ನಿಂದ ಸರ್ವರ್ ಡೆಸ್ಕ್‌ಟಾಪ್‌ಗೆ ಹೋಗಬೇಕಾದರೆ ಎರಡೂ ಬೇಕು. ಇದನ್ನೇ ಮಾರುವವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಸರ್ವರ್‌ನಲ್ಲಿ ಆರ್‌ಡಿಎಸ್ ಹಾಕಿದ ಮೇಲೆ 120 ದಿನ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ. ಅಷ್ಟು ದಿನ ಎಲ್ಲ ಸರಾಗ. ಆಮೇಲೆ ಒಂದು ಬೆಳಿಗ್ಗೆ 20 ಸ್ಕ್ರೀನ್‌ನಲ್ಲೂ ಒಂದೇ ಸಂದೇಶ: ಲೈಸೆನ್ಸ್ ಕೊಡಲು ಲೈಸೆನ್ಸ್ ಸರ್ವರ್ ಯಾವುದೂ ಸಿಗುತ್ತಿಲ್ಲ. ಇಡೀ ಆಫೀಸು ಕೈಕಟ್ಟಿ ಕೂತಿತು. ಅಡ್ಮಿನ್ ಸೆಷನ್‌ನಲ್ಲಿ ಇಬ್ಬರು ಒಳಗೆ ಹೋಗಬಹುದು, ಅಷ್ಟೇ. ಅದೂ ಸರ್ವರ್ ನಿರ್ವಹಣೆಗೆ ಮಾತ್ರ ಇರುವ ದಾರಿ.

ಮಾರಿದವರಿಗೆ ಫೋನ್ ಮಾಡಿದರೆ ಮೊದಲ ಉತ್ತರ: "ಸರ್, ನಮ್ಮದು ಹಾರ್ಡ್‌ವೇರ್ ವಾರಂಟಿ, ಇದು ಮೈಕ್ರೋಸಾಫ್ಟ್ ಕಡೆಯದು." ಹಾಗಾದರೆ "ಎಲ್ಲಾ ಲೈಸೆನ್ಸ್ ಸೇರಿ" ಅಂತ ಬರೆದವರು ಯಾರು? "ಸರ್, ಅದು ಸರ್ವರ್ ಲೈಸೆನ್ಸ್ ಅಂತ ಅರ್ಥ."

ಹೊಟ್ಟೆ ಉರಿದದ್ದು ಇದಕ್ಕಲ್ಲ. ಸರ್ವರ್‌ಗೆ ಲಾಗಿನ್ ಆದಾಗಲೆಲ್ಲ ಕೆಳಗೆ ಬಲಮೂಲೆಯಲ್ಲಿ ಒಂದು ಸೂಚನೆ ಬರುತ್ತಿತ್ತು: ಲೈಸೆನ್ಸಿಂಗ್ ಮೋಡ್ ಹೊಂದಿಸಿಲ್ಲ, ಇಷ್ಟು ದಿನದಲ್ಲಿ ರಿಮೋಟ್ ಡೆಸ್ಕ್‌ಟಾಪ್ ನಿಲ್ಲುತ್ತದೆ. ಇನ್‌ಸ್ಟಾಲ್ ಮಾಡಲು ಬಂದ ಎಂಜಿನಿಯರನ್ನು ಕೇಳಿದ್ದೆವು. "ಅದು ಮಾಮೂಲಿ ಸರ್, ಕ್ಲೋಸ್ ಮಾಡಿಬಿಡಿ" ಅಂದಿದ್ದ. ನಾವೂ ಕ್ಲೋಸ್ ಮಾಡುತ್ತಲೇ ಬಂದೆವು, ದಿನದ ಲೆಕ್ಕ ಕಣ್ಣೆದುರೇ ಇಳಿಯುತ್ತಿದ್ದರೂ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಎರಡನೇ ಉತ್ತರ ಇನ್ನೂ ಕೆಟ್ಟದ್ದು: "ರೆಜಿಸ್ಟ್ರಿಯಲ್ಲಿ ಒಂದು ಕೀ ಅಳಿಸಿಕೊಡ್ತೀವಿ, ಮತ್ತೆ 120 ದಿನ ಬರುತ್ತೆ." ರೆಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ. ಒಪ್ಪಿಕೊಳ್ಳಬೇಡಿ. ಅದು ಲೈಸೆನ್ಸ್ ಕಳ್ಳತನ. ಆಡಿಟ್ ಬಂದರೆ ಸಿಕ್ಕಿಬೀಳುವುದು ನೀವು, ಅವರಲ್ಲ.

ಮೂರನೇ ಉತ್ತರವಾಗಿ ಹೊಸ ಕೊಟೇಶನ್ ಬಂತು, 40 ಯೂಸರ್ ಕ್ಯಾಲ್‌ಗೆ, ಅಂದರೆ ತಲೆಗೊಂದು ಆರ್‌ಡಿಎಸ್ ಕ್ಯಾಲ್. ನಮ್ಮಲ್ಲಿ ಎರಡು ಶಿಫ್ಟ್, 40 ಜನ, ಆದರೆ ಮೆಷಿನ್ 20. ಹೀಗಿದ್ದಾಗ ಬೇಕಾದದ್ದು 20 ಡಿವೈಸ್ ಕ್ಯಾಲ್, ಅಂದರೆ ಮೆಷಿನ್‌ಗೊಂದು. ಮೇಲಾಗಿ ನಮ್ಮದು ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ವರ್ಕ್‌ಗ್ರೂಪ್. ಸರ್ವರ್ 2019ರಿಂದ ಈಚೆಗೆ ವರ್ಕ್‌ಗ್ರೂಪ್‌ನಲ್ಲಿ ಯೂಸರ್ ಕ್ಯಾಲ್ ಹಾಕಿದರೆ 60 ನಿಮಿಷಕ್ಕೊಮ್ಮೆ ಸೆಷನ್ ಕಡಿದುಹೋಗುತ್ತದೆ. ಅಂದರೆ ಎರಡನೇ ಸಲವೂ ದುಡ್ಡು ನೀರಿಗೆ ಹಾಕಿದಂತಾಗುತ್ತಿತ್ತು. ಕ್ಯಾಲ್‌ನ ವರ್ಷವನ್ನೂ ನೋಡಿ: 2019ರ ಕ್ಯಾಲ್ 2022ರ ಸರ್ವರ್‌ಗೆ ನಡೆಯುವುದಿಲ್ಲ.

ಆಫೀಸ್ ಸಾಫ್ಟ್‌ವೇರ್‌ದೂ ಇದೇ ಕಥೆ. ಅಂಗಡಿಯಲ್ಲಿ ಕೊಂಡ ರಿಟೇಲ್ ಕಾಪಿ ಆರ್‌ಡಿಎಸ್ ಸರ್ವರ್ ಮೇಲೆ ಓಡುವುದಿಲ್ಲ. ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲೂ ಆಗುವುದಿಲ್ಲ, ಬಿಸಿನೆಸ್ ಪ್ರೀಮಿಯಂ ಬೇಕು.

ರ‍್ಯಾಮ್ ವಿಷಯದಲ್ಲೂ ಮೋಸ ಹೋದೆವು. ಡೆಮೊದಲ್ಲಿ ಮೂರೇ ಸ್ಕ್ರೀನ್, ಒಂದೊಂದರಲ್ಲಿ ಒಂದೊಂದು ಎಕ್ಸೆಲ್ ಶೀಟ್. 20 ಜನ ಬ್ರೌಸರ್ ತೆರೆದು ಕೂತರೆ 32 ಜಿಬಿ ಯಾವ ಮೂಲೆಗೂ ಸಾಲದು. ತಲೆಗೆ 2 ಜಿಬಿ ಲೆಕ್ಕ ಹಿಡಿದು, ಸರ್ವರ್‌ಗೆ ಅಂತ ಬೇರೆ ಇಟ್ಟು, 64 ಕೇಳಿ.

ಪಿಒ (ಪರ್ಚೇಸ್ ಆರ್ಡರ್) ಕೊಡುವಾಗ "ಆರ್‌ಡಿಎಸ್ ಕ್ಯಾಲ್, ಡಿವೈಸ್, 2022, ಇಷ್ಟು" ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಕೊನೆಯ ಕಂತು ಕೈಯಲ್ಲಿ ಇಟ್ಟುಕೊಂಡು, ಅವರ ಎಂಜಿನಿಯರನ್ನು ಕೂರಿಸಿ ಆರ್‌ಡಿ ಲೈಸೆನ್ಸಿಂಗ್ ಡಯಾಗ್ನೋಸರ್ (ಲೈಸೆನ್ಸ್ ಸರಿಯಿದೆಯಾ ಅಂತ ತೋರಿಸುವ ವಿಂಡೋಸ್ ಟೂಲ್) ತೆರೆಸಿ. ಅದರಲ್ಲಿ ಗ್ರೇಸ್ ಪೀರಿಯಡ್ (ಅದೇ 120 ದಿನದ ಅವಧಿ) ಅಂತ ಒಂದು ಸಾಲು ಕಂಡರೂ ಚೆಕ್ಕಿಗೆ ಸಹಿ ಹಾಕಬೇಡಿ.