ಹತ್ತು ಸೆಂಟಿನ ನಗು: ಡಿಜಿಟಲ್ ಕಾಮಿಕ್ ಮ್ಯೂಸಿಯಂ ಜೊತೆ ನಾಲ್ಕು ವರ್ಷ

ಹಳೇ ಅಮೆರಿಕನ್ ಕಾಮಿಕ್‌ಗಳ ಜಾಲತಾಣ ಡಿಜಿಟಲ್ ಕಾಮಿಕ್ ಮ್ಯೂಸಿಯಂನಲ್ಲಿ ನಾಲ್ಕು ವರ್ಷದ ಹಿಂದೆ ಖಾತೆ ತೆರೆದದ್ದು ಹಳೇ ಸಾಹಸ ಕಥೆಗಳ ಆಸೆಗೆ. ಮುಖವಾಡದ ವೀರರು ಎರಡೇ ತಿಂಗಳಲ್ಲಿ ಸಾಕಾದರು. ಅಲ್ಲಿಂದ ಇವತ್ತಿನವರೆಗೆ ಓದುತ್ತಿರುವುದು, ಕಾಮಿಕ್ ಪುಸ್ತಕ ಎನ್ನುವುದು ಇನ್ನೂ ಆಗಷ್ಟೇ ಹುಟ್ಟುತ್ತಿದ್ದ ಕಾಲದ ಅಮೆರಿಕದ ಹಾಸ್ಯ ಸ್ಟ್ರಿಪ್‌ಗಳನ್ನು, ಅಂದರೆ ಸಾಲು ಚೌಕಗಳ ಚಿತ್ರಕಥೆಗಳನ್ನು.

ಇವೆಲ್ಲ ಪುಕ್ಕಟೆ ಸಿಗುವುದಕ್ಕೆ ಕಾರಣವಿದೆ. ಅಂದಿನ ಅಮೆರಿಕದ ಕಾನೂನಿನಂತೆ ಪ್ರಕಟವಾದ 28ನೇ ವರ್ಷದಲ್ಲಿ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಬಾಗಿಲು ಹಾಕಿಕೊಂಡು ಹೋಗಿದ್ದ ಎಷ್ಟೋ ಪ್ರಕಾಶಕರು ಆ ಕೆಲಸ ಮಾಡಲೇ ಇಲ್ಲ. ಅಂಥ ಸಂಚಿಕೆಗಳನ್ನು ಸಂಗ್ರಾಹಕರು ತಮ್ಮ ಬಿಡುವಿನಲ್ಲಿ ಸ್ಕ್ಯಾನ್ ಮಾಡಿ ಇಲ್ಲಿಗೆ ಸೇರಿಸುತ್ತಾರೆ. ಇಳಿಸಿಕೊಳ್ಳಲು ಖಾತೆ ಬೇಕು, ದುಡ್ಡು ಬೇಡ. ಪುಟಗಳ ಚಿತ್ರಗಳನ್ನೆಲ್ಲ ಒಂದೇ ಕಟ್ಟಾಗಿಸಿದ ಸಿಬಿಆರ್, ಸಿಬಿಝಡ್ ಫೈಲುಗಳು. ಯಾವುದಾದರೂ ಕಾಮಿಕ್ ರೀಡರ್ ಆ್ಯಪ್ ಹಾಕಿಕೊಂಡರೆ ಸಾಕು.

ಆದರೆ ಪರದೆ ದೊಡ್ಡದಿರಲಿ. ಮೊದಲ ವರ್ಷ ಏಳು ಇಂಚಿನ ಟ್ಯಾಬ್‌ನಲ್ಲಿ ಓದಿ ಕಣ್ಣು ಉರಿಸಿಕೊಂಡೆ. ಹತ್ತು ಇಂಚಿನದಕ್ಕೆ ಬಂದ ಮೇಲೆಯೇ ಓದು ಹಿತವಾದದ್ದು. ಅಕ್ಷರ ಅಷ್ಟು ಚಿಕ್ಕದಾಗಿರುವುದು ಆ ಪುಸ್ತಕಗಳು ಹುಟ್ಟಿದ ರೀತಿಯಿಂದಲೇ. ಪತ್ರಿಕೆಯ ಭಾನುವಾರದ ದೊಡ್ಡ ಬಣ್ಣದ ಪುಟವನ್ನು ಕುಗ್ಗಿಸಿದರೆ ಟ್ಯಾಬ್ಲಾಯ್ಡ್ (ಮಾಮೂಲಿ ಪತ್ರಿಕೆಯ ಅರ್ಧ ಗಾತ್ರದ) ಹಾಳೆಯ ಮೇಲೆ ಎರಡೆರಡು ಪುಟ ಕೂರುತ್ತವೆ ಎಂದು ಈಸ್ಟರ್ನ್ ಕಲರ್ ಪ್ರಿಂಟಿಂಗ್ ಕಂಪನಿಯ ಹ್ಯಾರಿ ವೈಲ್ಡೆನ್‌ಬರ್ಗ್ ಮತ್ತು ಮ್ಯಾಕ್ಸ್ ಗೇನ್ಸ್ ಕಂಡುಕೊಂಡರು. 1933ರಲ್ಲಿ ಅಂಥ ಪುಸ್ತಕ ಕಂಪನಿಗಳ ಉಚಿತ ಕೊಡುಗೆಯಾಗಿ ಬಂತು. 1934ರ ಜುಲೈ ತಾರೀಖು ಹೊತ್ತ 'ಫೇಮಸ್ ಫನ್ನೀಸ್' ಮೊದಲ ಸಂಚಿಕೆ ಹತ್ತು ಸೆಂಟಿಗೆ ಪತ್ರಿಕೆ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಗೋಡೆಗೆ ಬರೆದದ್ದನ್ನು ಅಂಗೈಗೆ ಇಳಿಸಿದ ಹಾಗೆ. ಈಗ ಬೆರಳಲ್ಲಿ ಹಿಗ್ಗಿಸಿದರೆ ಆ ಚಿತ್ರಗಳಿಗೆ ಮತ್ತೆ ಉಸಿರಾಡಲು ಜಾಗ ಸಿಗುತ್ತದೆ. ಮುಖದ ಬಣ್ಣವೆಂದು ಕಾಣುವುದು ಒತ್ತಾಗಿ ಕೂತ ಕೆಂಪು ಚುಕ್ಕೆಗಳು. ಅಚ್ಚು ಕೂದಲೆಳೆಯಷ್ಟು ಜರುಗಿದ ಕಡೆ ಕೆನ್ನೆಯ ಬಣ್ಣ ಗೆರೆ ದಾಟಿ ಹೊರಗೆ ಚೆಲ್ಲಿರುತ್ತದೆ.

ಮೊದಮೊದಲು ನಾನು ಮಾಡಿದ ತಪ್ಪು, ಒಂದು ಸಂಚಿಕೆಯನ್ನು ಒಂದೇ ಕೂರಿಕೆಗೆ ಮುಗಿಸುತ್ತಿದ್ದದ್ದು. ಹತ್ತನೇ ಪುಟಕ್ಕೆ ಎಲ್ಲ ಜೋಕೂ ಒಂದೇ ಥರ ಅನ್ನಿಸಿ ನಗು ಬತ್ತಿಹೋಗುತ್ತಿತ್ತು. ಆಮೇಲೆ ಹೊಳೆಯಿತು: ಇವು ಓದುಗರು ವಾರಪೂರ್ತಿ ಕಾದು ಓದುತ್ತಿದ್ದ ಪುಟಗಳು. ದಿನಕ್ಕೆ ಎರಡೇ ಪುಟ, ಬೆಳಗಿನ ಕಾಫಿ ಜೊತೆ, ಎಂದು ಕಟ್ಟುನಿಟ್ಟು ಮಾಡಿಕೊಂಡೆ. ಓದುವ ಲಯ ಬದಲಾದದ್ದೇ ತಡ, ಫೇಮಸ್ ಫನ್ನೀಸ್‌ನ ಅದೇ ಮಟ್ ಮತ್ತು ಜೆಫ್ ಜೋಡಿ ಬೇರೆಯೇ ಆಗಿ ಕಂಡಿತು. ಉದ್ದನೆಯ ಮಟ್, ಮೊಣಕಾಲೆತ್ತರದ ಜೆಫ್. ವ್ಯಂಗ್ಯಚಿತ್ರಕಾರ ಬಡ್ ಫಿಶರ್ 1907ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯಲ್ಲಿ ಮಟ್‌ನನ್ನು ರೇಸ್ ಕುದುರೆಗೆ ದುಡ್ಡು ಕಟ್ಟುವವನಾಗಿ ಶುರುಮಾಡಿದರು. ಮರುವರ್ಷ ಹುಚ್ಚಾಸ್ಪತ್ರೆಯಲ್ಲಿ ಅವನಿಗೆ ಜೆಫ್ ಸಿಕ್ಕ. ಫೇಮಸ್ ಫನ್ನೀಸ್ ಬರುವ ಹೊತ್ತಿಗೆ ನಿಜವಾಗಿ ಬರೆಯುತ್ತಿದ್ದವರು ಆಲ್ ಸ್ಮಿತ್, ಸಹಿ ಮಾತ್ರ ಫಿಶರ್‌ದು. ಇದು ಗೊತ್ತಾದ ಮೇಲೆ ಆ ಸಹಿ ಕಂಡಾಗಲೆಲ್ಲ ಮನಸ್ಸಿಗೆ ಚುರುಕ್ ಅನ್ನುತ್ತದೆ.

ಈ ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ನಿಧಿ ಎಂದರೆ ಚಿತ್ರಕಾರ ಜಾರ್ಜ್ ಕಾರ್ಲ್ಸನ್. 1942ರಿಂದ 1949ರವರೆಗೆ 42 ಸಂಚಿಕೆ ಬಂದ 'ಜಿಂಗಲ್ ಜ್ಯಾಂಗಲ್ ಕಾಮಿಕ್ಸ್'ನಲ್ಲಿ ಅವರ ಕೆಲಸವಿದೆ. ಆಗ ಅವರು ಐವತ್ತು ದಾಟಿದವರು. 'ಗಾನ್ ವಿತ್ ದ ವಿಂಡ್' ಕಾದಂಬರಿಯ 1936ರ ಹೊದಿಕೆಯ ಚಿತ್ರ ಬರೆದವರೂ ಅವರೇ. ಮಕ್ಕಳ ಪುಸ್ತಕವೆಂದು ಒಂದು ಗೆರೆಯನ್ನೂ ಉದಾಸೀನದಿಂದ ಎಳೆದಿಲ್ಲ. ಚೌಕದ ಮೂಲೆಮೂಲೆಯಲ್ಲೂ ಏನೋ ಒಂದು ನಡೆಯುತ್ತಿರುತ್ತದೆ. ಹೆಸರುಗಳಲ್ಲೇ ಕಚಗುಳಿ: ಪ್ರೆಟ್ಜಲ್‌ಬರ್ಗ್ ರಾಜ್ಯ, ಡಿಮ್‌ವಿಟ್ರಿ ರಾಜಕುಮಾರ, ಹೋಕಮ್ ಮಹಾರಾಜ. ಒಂಬತ್ತು ವರ್ಷದ ಮಗಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದರೆ ಸಪ್ಪಗೆ ಕೂತಳು. ಚಕ್ಕುಲಿಪುರ, ಮಂಕೇಂದ್ರ, ಬೊಗಳೆರಾಯ ಎಂದು ಹೇಳಿದ ಕೂಡಲೇ ಎದ್ದು ಕೂತು, "ಅಪ್ಪಾ, ಮಂಕೇಂದ್ರಂಗೆ ಆಮೇಲೇನಾಯ್ತು?" ಅಂದಳು. ಕೆಲವು ಸಂಜೆ ಒಂದು ಪುಟವನ್ನು ಕನ್ನಡಕ್ಕೆ ದಾಟಿಸಲು ಅರ್ಧ ಗಂಟೆ ಬೇಕಾಗುತ್ತದೆ. ಪ್ರಾಸ ಕೂರಿಸದೆ ಬಿಟ್ಟರೆ ಅವಳು ಒಪ್ಪುವುದಿಲ್ಲ.

ಎಲ್ಲ ಪ್ರತಿಗಳೂ ನುಣುಪಾಗಿ ಇರುವುದಿಲ್ಲ. ಅಗ್ಗದ ನ್ಯೂಸ್‌ಪ್ರಿಂಟ್ ಹಳದಿಯಾಗಿ, ಅಂಚು ಪುಡಿಯಾಗಿರುತ್ತದೆ. ಯುದ್ಧಕಾಲದಲ್ಲಿ ರದ್ದಿ ಸಂಗ್ರಹಕ್ಕೆ ಹೋಗಿ ಎಷ್ಟೋ ನಾಶವಾದವು, ಇಷ್ಟಾದರೂ ಉಳಿದದ್ದೇ ಪುಣ್ಯ. ಒಂದು ಸಂಚಿಕೆಯಲ್ಲಿ ಜಾಹೀರಾತಿನ ಕೂಪನ್ನನ್ನು ಯಾರೋ ಕತ್ತರಿಸಿಕೊಂಡಿದ್ದರು. ಹಿಂಬದಿಯ ಪುಟದಲ್ಲಿ ಸರಿಯಾಗಿ ಜೋಕು ಮುಗಿಯುವ ಚೌಕವೇ ಮಾಯ. ಎಂಬತ್ತು ವರ್ಷದ ಹಿಂದೆ ಕತ್ತರಿ ಹಿಡಿದ ಆ ಕೈಯನ್ನು ನೆನೆಯುತ್ತ ಬಹಳ ಹೊತ್ತು ಆ ತೂತನ್ನೇ ನೋಡಿದ್ದೆ. ನಡುವೆ ಬರುವ ಎರಡು ಪುಟದ ಬರೀ ಅಕ್ಷರದ ಕಥೆಗಳನ್ನು ಧಾರಾಳವಾಗಿ ದಾಟಿ ಹೋಗಬಹುದು. ಅಂಚೆಯ ಕಡಿಮೆ ದರ ಸಿಗಲೆಂದು ತುರುಕುತ್ತಿದ್ದವು ಅವು.

ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಎದ್ದು ಹೋಗಬೇಡಿ. ಕಪ್ಪು ಜನರನ್ನು, ಚೀನೀಯರನ್ನು ಆ ಕಾಲದ ಹಾಸ್ಯ ಚಿತ್ರಿಸಿದ ರೀತಿ ಕ್ರೂರವಾದದ್ದು: ದಪ್ಪ ತುಟಿ, ಮುರುಕು ಮಾತು, ಮನುಷ್ಯರೇ ಅಲ್ಲ ಎಂಬಂತೆ. ನಾನು ಮೊದಲು ಪೂರ್ತಿ ಓದಿ, ಆಮೇಲೆ ಮಗಳ ಜೊತೆ ಕೂರುತ್ತೇನೆ. ಒಮ್ಮೆ ಅಂಥ ಪುಟ ಕಣ್ಣಿಗೆ ಬಿದ್ದಾಗ ಮುಚ್ಚಿಡಲಿಲ್ಲ, ಹೀಗೆ ಬರೆಯುತ್ತಿದ್ದರು, ಅದು ತಪ್ಪು ಎಂದು ಹೇಳಿದೆ. "ಅವರು ಇದನ್ನ ನೋಡಿದ್ರೆ ಅಳ್ತಿದ್ರೇನೋ" ಅಂದಳು.

ಹೊಸದಾಗಿ ಶುರುಮಾಡುವವರು ನೇರ ಕಾರ್ಲ್ಸನ್‌ಗೆ ಹೋಗಿ, ಫೇಮಸ್ ಫನ್ನೀಸ್ ಆಮೇಲಾಗಲಿ. ನಾವೀಗ ಜಿಂಗಲ್ ಜ್ಯಾಂಗಲ್‌ನ ಹದಿನೇಳನೇ ಸಂಚಿಕೆಯಲ್ಲಿದ್ದೇವೆ. ವಾರಕ್ಕೆ ಒಂದೇ ಕಥೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ.